ಕೈಪಿಡಿಗೊಂದು ಅಚ್ಚು

ಹೊಸ ಮಿಕ್ಸಿ ಮನೆಗೆ ಬಂದಾಗ ಅದರ ಡಬ್ಬಿಯಲ್ಲಿ ಒಂದು ಪುಸ್ತಿಕೆಯೂ ಬರುತ್ತದೆ. ಬಹಳಷ್ಟು ಮನೆಗಳಲ್ಲಿ ಅದನ್ನು ಯಾರೂ ಓದುವುದಿಲ್ಲ. ಅತ್ತೆಗೋ, ಓರಗಿತ್ತಿಗೋ, ಪಕ್ಕದ ಮನೆಯವರಿಗೋ ಆ ಯಂತ್ರದ ಪರಿಚಯ ಮೊದಲೇ ಇರುತ್ತದೆ. ಅವರು ಒಮ್ಮೆ ಜಾರು ಕೂರಿಸಿ ತೋರಿಸಿದರೆ ಮುಗಿಯಿತು. ಪುಸ್ತಿಕೆ ಗ್ಯಾರಂಟಿ ಕಾರ್ಡಿನ ಜೊತೆ ಬೀರುವಿನ ಮೂಲೆ ಸೇರುತ್ತದೆ. ಆದರೆ ಮದುವೆಯಾಗಿ ಗುರುತಿಲ್ಲದ ಊರಿಗೆ ಹೋಗಿ ಸಂಸಾರ ಹೂಡಿದ ಹುಡುಗಿ ಅದನ್ನು ಓದುತ್ತಾಳೆ. ಗಂಡ ಕೆಲಸಕ್ಕೆ ಹೋದ ಮೇಲೆ, ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಚಿತ್ರದಲ್ಲಿರುವ ಬಾಣದ ಗುರುತನ್ನೂ ಬಿಡದೆ ಓದುತ್ತಾಳೆ. ಕೈಪಿಡಿ ಇರುವುದೇ ಅಂಥವರಿಗಾಗಿ ಎಂದು ನನ್ನ ಅಭಿಪ್ರಾಯ. ಬಲ್ಲವರ ನಡುವೆ ಬಾಳುವವರಿಗೆ ಅದು ಬೇಡ. ಕೇಳೋಣವೆಂದರೆ ಹತ್ತಿರ ಯಾರೂ ಇಲ್ಲದವರಿಗೆ ಅದೇ ಅಕ್ಕ, ಅದೇ ಮೇಷ್ಟ್ರು.

ಮಿಕ್ಸಿಗಿರುವಂತೆ ಕಂಪ್ಯೂಟರಿನ ತಂತ್ರಾಂಶಗಳಿಗೂ ಕೈಪಿಡಿಗಳಿವೆ. ಅವು ಈಗ ಪುಸ್ತಕದ ರೂಪದಲ್ಲಿ ಬರುವುದು ಅಪರೂಪ, ಅಂತರ್ಜಾಲದ ಪುಟಗಳಾಗಿ ಇರುತ್ತವೆ. ಕೆಲಸದ ಸಲುವಾಗಿ ಅಂಥ ಪುಟಗಳನ್ನು ವರ್ಷಗಟ್ಟಲೆ ಓದಿಕೊಂಡು ಬಂದವಳು ನಾನು. ಓದುತ್ತ ಓದುತ್ತ ಒಂದು ಸಂಗತಿ ಗಮನಕ್ಕೆ ಬಂತು. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಜನ, ಬೇರೆ ಬೇರೆ ದೇಶಗಳಲ್ಲಿ ಕುಳಿತು ಬರೆದ ಕೈಪಿಡಿಗಳೆಲ್ಲ ನೋಡಲು ಒಂದೇ ತಾಯಿಯ ಮಕ್ಕಳಂತೆ ಇದ್ದವು. ಎಡಗಡೆ ಕಪ್ಪು ಬಣ್ಣದ ಪಟ್ಟಿ, ಅದರ ನೆತ್ತಿಯ ಮೇಲೆ ನೀಲಿ ಚೌಕ, ಬಲಗಡೆ ಬಿಳಿಯ ಹಾಳೆಯ ಮೇಲೆ ಬರಹ. ಆ ಹೋಲಿಕೆಗೆ ಕಾರಣ ಒಂದು ಅಚ್ಚು. ಕಂಪ್ಯೂಟರಿನವರು ಅದನ್ನು 'ಥೀಮ್' ಎನ್ನುತ್ತಾರೆ. ಈ ಅಚ್ಚು ಎಲ್ಲಿಂದ ಬಂತು, ಯಾರಿಗೆ ಏನು ಕೊಟ್ಟಿತು ಎಂಬುದನ್ನು ಹೇಳಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಹೇಳುವುದಾದರೆ ಕೈಪಿಡಿಯೇ ಇಲ್ಲದಿದ್ದ ಕಾಲದಿಂದ ಶುರುಮಾಡಬೇಕು.

1945ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 'ಎನಿಯಾಕ್' ಎಂಬ ದೈತ್ಯ ಗಣಕಯಂತ್ರ ಸಿದ್ಧವಾಗುತ್ತಿತ್ತು. ಅದಕ್ಕೆ ಲೆಕ್ಕ ಹೂಡಿ ಕೊಡುವ ಕೆಲಸಕ್ಕೆ ಆರು ಮಂದಿ ಹೆಂಗಸರನ್ನು ಆರಿಸಿದರು. ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬೈಲಾಸ್, ರೂತ್ ಲಿಕ್ಟರ್‌ಮನ್ ಎಂಬುದು ಅವರ ಹೆಸರುಗಳು. ಯುದ್ಧದ ಕಾಲ, ಎಲ್ಲವೂ ಗುಟ್ಟು. ಮೊದಮೊದಲು ಯಂತ್ರವಿದ್ದ ಕೋಣೆಯೊಳಗೆ ಹೋಗಲೂ ಅವರಿಗೆ ಅಪ್ಪಣೆಯಿರಲಿಲ್ಲ. ಕೈಪಿಡಿಯಂತೂ ಇರಲೇ ಇಲ್ಲ. ಅವರ ಕೈಗೆ ಸಿಕ್ಕಿದ್ದು ಯಂತ್ರದ ಒಳಜೋಡಣೆಯ ನಕ್ಷೆಗಳು. ಆ ಗೆರೆಗಳನ್ನು ಹಿಡಿದು, ಯಂತ್ರ ಕಟ್ಟಿದವರನ್ನು ಕಾಡಿ ಕೇಳಿ, ತಾವೇ ಕಲಿತರು. ಊಟ ಮಾಡಿದವರನ್ನು ಕೇಳಿ ಅಡುಗೆ ಕಲಿತ ಹಾಗೆ.

ಆ ಯಂತ್ರದ ಕೈಪಿಡಿ ಸಿದ್ಧವಾದದ್ದು 1946ರಲ್ಲಿ. ಅದನ್ನು ಬರೆದವಳು ಅಡೆಲ್ ಗೋಲ್ಡ್‌ಸ್ಟೈನ್ ಎಂಬ ಗಣಿತಜ್ಞೆ. ಅದೇ ವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯದ 'ಮಾರ್ಕ್ ಒನ್' ಎಂಬ ಇನ್ನೊಂದು ಯಂತ್ರದ ಕೈಪಿಡಿಯೂ ಅಚ್ಚಾಯಿತು. ಆ ಯಂತ್ರದ ಉದ್ದ 51 ಅಡಿ, ಕೈಪಿಡಿಯ ಪುಟಗಳು 500ಕ್ಕೂ ಹೆಚ್ಚು. ಅದರ ಬಹುಭಾಗ ಬರೆದವಳು ಗ್ರೇಸ್ ಹಾಪರ್. ಗಣಿತದ ಅಧ್ಯಾಪಕಿಯಾಗಿದ್ದ ಈಕೆ ಯುದ್ಧದ ಹೊತ್ತಿನಲ್ಲಿ ನೌಕಾಪಡೆ ಸೇರಿ 1944ರಲ್ಲಿ ಹಾರ್ವರ್ಡಿಗೆ ಬಂದಿದ್ದಳು. ಪುಸ್ತಕ ಬರೆಯಬೇಕೆಂದದ್ದು ಮೇಲಧಿಕಾರಿ ಹೋವರ್ಡ್ ಐಕನ್. ಪಡೆಯಲ್ಲಿ ಇಂಥ ಮಾತಿಗೆ ಆಗುವುದಿಲ್ಲ ಎನ್ನಲು ಬರುತ್ತದೆಯೇ? ಬರೆದಳು. ಕಂಪ್ಯೂಟರ್ ಯುಗದ ಮೊಟ್ಟಮೊದಲ ಕೈಪಿಡಿಗಳಲ್ಲಿ ಎರಡು ಹೆಂಗಸರ ಕೈಬರಹವೆಂಬುದು ನನಗೆ ಹೆಮ್ಮೆಯ ಮಾತು. ಯಂತ್ರ ಕಟ್ಟಿದ ಗಂಡಸರ ಹೆಸರು ಪಠ್ಯಪುಸ್ತಕ ಸೇರಿತು. ಇತರರಿಗೆ ಅದು ಅರ್ಥವಾಗುವಂತೆ ಬರೆದವರನ್ನು ಲೋಕ ಬಹಳ ಕಾಲ ನೆನೆಯಲಿಲ್ಲ. ಬರೆದು ವಿವರಿಸುವ ಕೆಲಸವನ್ನು ಕಟ್ಟುವ ಕೆಲಸಕ್ಕಿಂತ ಕೀಳೆಂದು ಎಣಿಸುವ ಅಭ್ಯಾಸ ಅಷ್ಟು ಹಳೆಯದು.

ಆಗಿನ ಕೈಪಿಡಿಗಳು ಒಂದೊಂದೂ ಒಂದೊಂದು ಬಗೆಯವು. ಎಲ್ಲಕ್ಕೂ ಒಂದೇ ಕ್ರಮವಿರಲಿ ಎಂಬ ಆಲೋಚನೆ ಗಟ್ಟಿಯಾಗಿ ಬೇರೂರಿದ್ದು ನ್ಯೂಜೆರ್ಸಿಯ ಬೆಲ್ ಲ್ಯಾಬೊರೇಟರೀಸ್‌ನಲ್ಲಿ. ಅಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಗೆಳೆಯರು 'ಯೂನಿಕ್ಸ್' ಎಂಬ ತಂತ್ರಾಂಶ ಕಟ್ಟಿದರು. ಅದರ ಮೊದಲ ಕೈಪಿಡಿಯ ಮೇಲಿರುವ ತಾರೀಖು 1971ರ ನವೆಂಬರ್ 3. ಯೂನಿಕ್ಸ್‌ಗೆ ಹೊಸ ಯಂತ್ರ ದಕ್ಕಿದ್ದೂ ಬರವಣಿಗೆಯ ಹೆಸರಿನಲ್ಲೇ. ಪೇಟೆಂಟ್ ವಿಭಾಗದ ಅರ್ಜಿಗಳನ್ನು ಅಚ್ಚುಕಟ್ಟಾಗಿ ಟೈಪು ಮಾಡಲು ಅನುಕೂಲ ಮಾಡಿಕೊಡುತ್ತೇವೆ ಎಂದು ಹೇಳಿ ಅವರು ಆ ಯಂತ್ರ ತರಿಸಿಕೊಂಡಿದ್ದರು. 1971ರ ಉತ್ತರಾರ್ಧದಲ್ಲಿ ಆ ವಿಭಾಗದ ಮೂವರು ಟೈಪಿಸ್ಟರು ದಿನವಿಡೀ ಅದರ ಮೇಲೆ ಕೆಲಸ ಮಾಡುತ್ತಿದ್ದರು. ವಿಜ್ಞಾನಿಗಳು ತಮ್ಮ ಕೆಲಸವನ್ನು ಅದೇ ಯಂತ್ರದಲ್ಲಿ ಅವರ ಜೊತೆಜೊತೆಗೇ ನಡೆಸಿಕೊಳ್ಳಬೇಕಿತ್ತು.

ಆ ಕೈಪಿಡಿಯಲ್ಲಿ ಪ್ರತಿಯೊಂದು ಆಜ್ಞೆಗೂ ಒಂದೇ ಕ್ರಮದ ತಲೆಬರಹಗಳು. ಮೊದಲು ಹೆಸರು, ಆಮೇಲೆ ಬಳಸುವ ಬಗೆ, ವಿವರಣೆ, ಬೇಕಾಗುವ ಕಡತಗಳು, ಜೊತೆಗೆ ನೋಡಬೇಕಾದ ಪುಟಗಳು. ಕೊನೆಕೊನೆಗೆ 'ದೋಷಗಳು' ಎಂದೇ ಒಂದು ತಲೆಬರಹ. ಇದು ನನಗೆ ತುಂಬ ಇಷ್ಟವಾದ ಸಂಗತಿ. ತಾನು ಕಟ್ಟಿದ್ದರಲ್ಲಿ ಇಂಥ ಕಡೆ ಕೊರತೆಯಿದೆ ಎಂದು ಕಟ್ಟಿದವನೇ ಬರೆಯಲು ಅಲ್ಲಿ ಜಾಗ ಮಾಡಿಟ್ಟಿದ್ದರು. ಆ ಜಾಗ ಖಾಲಿ ಬಿಟ್ಟರೆ ಕಣ್ಣಿಗೆ ಹೊಡೆಯುತ್ತದೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ 'ನಮ್ಮ ಹುಡುಗನ ದೋಷಗಳು' ಎಂದೂ ಒಂದು ಕಲಮು ಇದ್ದಿದ್ದರೆ ಎಷ್ಟೋ ಸಂಸಾರಗಳು ನೆಟ್ಟಗಿರುತ್ತಿದ್ದವು! ಒಳ್ಳೆಯ ಅಚ್ಚು ಬರಹಕ್ಕೆ ಅಂದ ಕೊಡುತ್ತದೆ, ಜೊತೆಗೆ ಬರೆಯುವವರಿಂದ ಏನನ್ನು ಹೇಳಿಸಬೇಕೋ ಅದನ್ನೂ ಹೇಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅದೇ ಸಂಸ್ಥೆಯಲ್ಲಿ ಲೊರಿಂಡಾ ಚೆರಿ ಎಂಬಾಕೆ ಕೆಲಸ ಮಾಡುತ್ತಿದ್ದಳು. 1970ರ ದಶಕದಲ್ಲಿ ಬ್ರಯನ್ ಕೆರ್ನಿಹನ್ ಜೊತೆ ಸೇರಿ, ಗಣಿತದ ಸಮೀಕರಣಗಳನ್ನು ಟೈಪಿಸ್ಟರೂ ಸುಲಭವಾಗಿ ಅಚ್ಚಿಗೆ ಸಿದ್ಧಮಾಡಬಹುದಾದ ಒಂದು ಭಾಷೆಯನ್ನು ರೂಪಿಸಿದಳು. ವಾಕ್ಯಗಳು ಅತಿ ಉದ್ದವಾದರೆ, ಮಾತು ಸುತ್ತುಬಳಸಾದರೆ ಎತ್ತಿ ತೋರಿಸುವ ತಂತ್ರಾಂಶಗಳನ್ನೂ ಬರೆದಳು. ನನ್ನ ಈ ಲೇಖನ ಆಕೆಯ ಕೈಗೆ ಸಿಕ್ಕಿದ್ದರೆ ಎಷ್ಟು ವಾಕ್ಯಗಳು ಪಾಸಾಗುತ್ತಿದ್ದವೋ!

ಇನ್ನು 'ಮುಕ್ತ ತಂತ್ರಾಂಶ'ದ ವಿಷಯ. ಅಂಗಡಿಯಲ್ಲಿ ಕೊಳ್ಳುವ ಸಾರಿನಪುಡಿಯಲ್ಲಿ ಏನೇನು ಎಷ್ಟೆಷ್ಟು ಹಾಕಿದ್ದಾರೆಂಬ ಲೆಕ್ಕ ಅವರ ಗುಟ್ಟು. ಚಿಕ್ಕಮ್ಮ ಬರೆದುಕೊಟ್ಟ ಸಾರಿನಪುಡಿಯ ಅಳತೆಯನ್ನು ನಾವು ನೋಡಬಹುದು, ಮೆಣಸಿನಕಾಯಿ ಕಡಿಮೆ ಮಾಡಬಹುದು, ಬೇರೆಯವರಿಗೂ ಕೊಡಬಹುದು. ಹೀಗೆ ಒಳಗಿನ ಬರಹವನ್ನು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶವೇ ಮುಕ್ತ ತಂತ್ರಾಂಶ. ಇದನ್ನೊಂದು ಚಳವಳಿಯಾಗಿ ರಿಚರ್ಡ್ ಸ್ಟಾಲ್‌ಮನ್ ಆರಂಭಿಸಿದ್ದು 1983ರಲ್ಲಿ. ತಂತ್ರಾಂಶ ಮುಕ್ತವಾದರೆ ಸಾಲದು, ಅದರ ಕೈಪಿಡಿಯೂ ಮುಕ್ತವಾಗಿರಬೇಕು ಎಂದು ಅವರು ವಾದಿಸಿದರು. ವಾದ ಸರಿ. ಆದರೆ ಬರೆಯುವವರು ಯಾರು? ಈ ಕೆಲಸಕ್ಕೆ ಬಂದವರಲ್ಲಿ ಬಹುಮಂದಿ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ದುಡಿಯುವವರು. ತಂತ್ರಾಂಶ ಬರೆಯುವ ಉಮೇದು ಕೈಪಿಡಿ ಬರೆಯುವುದಕ್ಕೆ ಇರುವುದಿಲ್ಲ. ಹೋಳಿಗೆ ಮಾಡಲು ಹತ್ತು ಜನ, ಪಾತ್ರೆ ತೊಳೆಯಲು ಒಬ್ಬಳೇ ಎಂಬ ಸ್ಥಿತಿ.

ಅಂತರ್ಜಾಲದ ಪುಟಗಳು ಬಂದ ಮೇಲೆ ಇನ್ನೊಂದು ತಾಪತ್ರಯ ಸೇರಿಕೊಂಡಿತು. ಮೊದಮೊದಲು ಪುಟದ ವಿಷಯ, ಅದರ ಬಣ್ಣ, ಅಕ್ಷರದ ಗಾತ್ರ ಎಲ್ಲವನ್ನೂ ಒಂದೇ ಕಡತದಲ್ಲಿ ಕಲಸಿಡುತ್ತಿದ್ದರು. ಬಣ್ಣ ಬದಲಾಯಿಸಬೇಕಾದರೆ ನೂರು ಪುಟ ತಿದ್ದಬೇಕು. ನಾರ್ವೆಯ ಹೋಕನ್ ವಿಯುಮ್ ಲೀ 1994ರಲ್ಲಿ ಇದಕ್ಕೊಂದು ಪರಿಹಾರ ಸೂಚಿಸಿದರು. ವಿಷಯ ಒಂದು ಕಡತದಲ್ಲಿರಲಿ, ಉಡುಗೆತೊಡುಗೆ ಇನ್ನೊಂದರಲ್ಲಿರಲಿ ಎಂಬುದು ಅದರ ಸಾರ. ಬರ್ಟ್ ಬಾಸ್ ಜೊತೆ ಅವರು ರೂಪಿಸಿದ ಆ ಪದ್ಧತಿ 1996ರ ಡಿಸೆಂಬರಿನಲ್ಲಿ ಅಧಿಕೃತವಾಯಿತು. ಅದೇ ಸಿಎಸ್ಎಸ್. ಮಗು ಒಂದೇ, ಲಂಗ ಹಲವು ಎಂಬಂತಾಯಿತು. ಒಬ್ಬರು ಹೊಲಿದ ಲಂಗವನ್ನು ಇನ್ನೊಬ್ಬರ ಮಗುವಿಗೂ ತೊಡಿಸುವ ದಾರಿ ಇಲ್ಲಿಂದ ತೆರೆಯಿತು.

ಕೈಪಿಡಿಗಳ ಮಟ್ಟಿಗೆ ಆ ದಾರಿಯಲ್ಲಿ ಮುಖ್ಯವಾದ ಹೆಜ್ಜೆ ಇಟ್ಟವರು 'ಪೈಥಾನ್' ಭಾಷೆಯ ಬಳಗದವರು. ಪೈಥಾನ್ ಎಂಬುದು ಹಾಲೆಂಡಿನ ಗೀಡೊ ವಾನ್ ರಾಸಮ್ 1991ರಲ್ಲಿ ಹೊರತಂದ, ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ. ಅದರ ಕೈಪಿಡಿಯನ್ನು ಮೊದಲು ಗಣಿತದ ಪುಸ್ತಕಗಳನ್ನು ಜೋಡಿಸುವ 'ಲೇಟೆಕ್' ಎಂಬ ವ್ಯವಸ್ಥೆಯಲ್ಲಿ ಬರೆಯುತ್ತಿದ್ದರು. ಅದನ್ನು ಕಲಿಯುವುದೇ ಒಂದು ವಿದ್ಯೆ. 2007ರಲ್ಲಿ ಗೇಯೋರ್ಗ್ ಬ್ರಾಂಡ್ಲ್ ಎಂಬವರು ಆ ಇಡೀ ಕೈಪಿಡಿಯನ್ನು ಸರಳ ಬರಹಕ್ಕೆ ಪರಿವರ್ತಿಸಿದರು. ಆ ಕೆಲಸಕ್ಕಾಗಿ ಕಟ್ಟಿದ ಸಲಕರಣೆಯನ್ನು 2008ರಲ್ಲಿ 'ಸ್ಫಿಂಕ್ಸ್' ಎಂಬ ಹೆಸರಿನಲ್ಲಿ ಎಲ್ಲರಿಗೂ ಕೊಟ್ಟರು. ಕಾಗದ ಬರೆದ ಹಾಗೆ ಬರೆಯಬೇಕು. ತಲೆಬರಹದ ಕೆಳಗೆ ಗೆರೆ ಎಳೆಯಬೇಕು, ಒತ್ತಿ ಹೇಳಬೇಕಾದ ಮಾತಿನ ಆಚೀಚೆ ನಕ್ಷತ್ರದ ಗುರುತು ಹಾಕಬೇಕು, ಅಷ್ಟೆ. ಪರಿವಿಡಿ, ಪದಸೂಚಿ, ಹುಡುಕುವ ಸೌಕರ್ಯ, ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ, ಇವೆಲ್ಲವನ್ನೂ ಸ್ಫಿಂಕ್ಸ್ ತಾನೇ ಮಾಡುತ್ತದೆ. 2009ರಲ್ಲಿ ಅದಕ್ಕೆ ಬೇಕಾದ ಥೀಮನ್ನು ಜೋಡಿಸಿಕೊಳ್ಳುವ ಅನುಕೂಲವೂ ಬಂತು.

2010ರಲ್ಲಿ 48 ಗಂಟೆಗಳ ಒಂದು ಸ್ಪರ್ಧೆ ನಡೆಯಿತು. ಎರಡು ದಿನದಲ್ಲಿ ಏನಾದರೂ ಉಪಯುಕ್ತವಾದದ್ದನ್ನು ಕಟ್ಟಿ ತೋರಿಸಬೇಕು. ಎರಿಕ್ ಹೋಲ್ಷರ್, ಚಾರ್ಲ್ಸ್ ಲೀಫರ್, ಬಾಬಿ ಗ್ರೇಸ್ ಎಂಬ ಮೂವರು ಅದರಲ್ಲಿ ಕಟ್ಟಿದ್ದು 'ರೀಡ್ ದಿ ಡಾಕ್ಸ್' ಎಂಬ ತಾಣ. ಮುಕ್ತ ತಂತ್ರಾಂಶ ಬರೆಯುವವರು ತಮ್ಮ ಕೈಪಿಡಿಯ ಬರಹವನ್ನು ತೋರಿಸಿದರೆ ಸಾಕು, ಆ ತಾಣ ಅದನ್ನು ಪುಟಗಳಾಗಿಸಿ, ಬಾಡಿಗೆಯಿಲ್ಲದೆ ಇರಿಸಿಕೊಳ್ಳುತ್ತದೆ. ಬರಹ ತಿದ್ದಿದಾಗಲೆಲ್ಲ ಪುಟಗಳನ್ನೂ ಹೊಸದಾಗಿಸುತ್ತದೆ. ಹಳೆಯ ಆವೃತ್ತಿಯನ್ನು ಬಳಸುವವರಿಗೆ ಹಳೆಯ ಕೈಪಿಡಿಯನ್ನೂ ಉಳಿಸಿಕೊಡಬಲ್ಲದು. ಬರೆಯಲು ಕಷ್ಟ ಎಂಬ ನೆಪ ಸ್ಫಿಂಕ್ಸ್‌ನಿಂದ ಹೋಗಿತ್ತು, ಎಲ್ಲಿಡುವುದು ಎಂಬ ನೆಪ ಇದರಿಂದ ಹೋಯಿತು.

ಆಮೇಲೆ ಉಳಿದದ್ದು ಚಂದದ ನೆಪ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರು ಕಂಪ್ಯೂಟರಿನವರಲ್ಲೂ ಇದ್ದಾರೆ. ಒಂದು ಸಾಲು ಬರೆಯುವ ಮುಂಚೆ ಬಣ್ಣ ಯಾವುದಿರಲಿ, ಅಕ್ಷರ ಎಂಥದಿರಲಿ ಎಂದು ವಾರಗಟ್ಟಲೆ ಚರ್ಚಿಸಿ, ಬರೆಯುವುದನ್ನೇ ಬಿಟ್ಟುಬಿಡುತ್ತಾರೆ. 2013ರಲ್ಲಿ ರೀಡ್ ದಿ ಡಾಕ್ಸ್ ತಾಣಕ್ಕೆ ಡೇವ್ ಸ್ನೈಡರ್ ಎಂಬ ವಿನ್ಯಾಸಕಾರರು ಒಂದು ಥೀಮ್ ರಚಿಸಿಕೊಟ್ಟರು. ನಾನು ಆರಂಭದಲ್ಲಿ ಹೇಳಿದ ಕಪ್ಪು ಪಟ್ಟಿಯ ಅಚ್ಚು ಇದೇ.

ಅದರ ಅನುಕೂಲಗಳು ಸಣ್ಣಸಣ್ಣವು, ಆದರೆ ಯೋಚಿಸಿ ಮಾಡಿದವು. ಎಡಗಡೆಯ ಪಟ್ಟಿಯಲ್ಲಿ ಪರಿವಿಡಿ ಸದಾ ಕಣ್ಣೆದುರಿಗಿರುತ್ತದೆ. ಈಗ ಓದುತ್ತಿರುವ ಅಧ್ಯಾಯ ಮಾತ್ರ ಬಿಚ್ಚಿಕೊಂಡಿದ್ದು, ಉಳಿದವು ಮಡಚಿಕೊಂಡಿರುತ್ತವೆ. ಹುಡುಕುವ ಪೆಟ್ಟಿಗೆ ಮೇಲ್ಗಡೆ ನೀಲಿ ಚೌಕದಲ್ಲಿ. ಪರದೆ ಎಷ್ಟೇ ಅಗಲವಿದ್ದರೂ ಬರಹ 800 ಚುಕ್ಕಿಗಳ ಅಗಲ ಮೀರುವುದಿಲ್ಲ. ಸಾಲು ಅತಿ ಉದ್ದವಾದರೆ ಮುಂದಿನ ಸಾಲಿನ ತಲೆ ಹುಡುಕಲು ಕಣ್ಣು ತಡಕಾಡುತ್ತದಲ್ಲ, ಅದನ್ನು ತಪ್ಪಿಸಲು. ಮೊಬೈಲಿನಲ್ಲಿ ತೆರೆದರೆ ಪಟ್ಟಿ ತಾನಾಗಿ ಮರೆಗೆ ಸರಿದು, ಮೂರು ಗೆರೆಗಳ ಗುಂಡಿ ಒತ್ತಿದಾಗ ಬರುತ್ತದೆ. ಸೂಚನೆಗೆ ನೀಲಿ ಬಣ್ಣ, ಸಲಹೆಗೆ ಹಸಿರು, ಎಚ್ಚರಿಕೆಗೆ ಕಿತ್ತಳೆ, ಅಪಾಯಕ್ಕೆ ಕೆಂಪು. ಪುಟದ ಕೊನೆಯಲ್ಲಿ ಹಿಂದಿನದು, ಮುಂದಿನದು ಎಂಬ ಎರಡು ಗುಂಡಿಗಳು. ಎಲ್ಲಕ್ಕೂ ಕೆಳಗೆ, ಇದನ್ನು ಸ್ಫಿಂಕ್ಸ್ ಬಳಸಿ, ರೀಡ್ ದಿ ಡಾಕ್ಸ್ ಕೊಟ್ಟ ಥೀಮಿನಲ್ಲಿ ಮಾಡಿದೆ ಎಂಬ ಸಣ್ಣಕ್ಷರದ ಸಾಲು.

ಬಳಸುವುದೂ ಸುಲಭ. ಥೀಮನ್ನು ಒಮ್ಮೆ ಇಳಿಸಿಕೊಂಡು, ಕೈಪಿಡಿಯ ಹೊಂದಾಣಿಕೆಯ ಕಡತದಲ್ಲಿ ಅದರ ಹೆಸರನ್ನು ಒಂದು ಸಾಲು ಬರೆದರೆ ಆಯಿತು. ಯಾರು ಬೇಕಾದರೂ ಬಳಸಬಹುದು, ಬದಲಾಯಿಸಬಹುದು, ಹಂಚಬಹುದು. ಹಕ್ಕುಸ್ವಾಮ್ಯದ ಒಕ್ಕಣೆಯನ್ನು ಅಳಿಸದಿದ್ದರೆ ಸಾಕು.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಮನೆಗಳನ್ನು ನೋಡಿದವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಮರದ ಅಚ್ಚುಗಳು ಎಲ್ಲರ ಮನೆಯಲ್ಲೂ ಇರುವುದಿಲ್ಲ. ಕೇರಿಯಲ್ಲಿ ಯಾರೋ ಒಬ್ಬರ ಮನೆಯಲ್ಲಿ ಗಿಳಿ, ಆನೆ, ಗೋಪುರ, ತುಳಸಿಕಟ್ಟೆಯ ಅಚ್ಚುಗಳಿರುತ್ತವೆ. ಹಬ್ಬಕ್ಕೆ ಮುಂಚೆ ಅವು ಮನೆಯಿಂದ ಮನೆಗೆ ಹೋಗುತ್ತವೆ. ಪಾಕ ಮಾತ್ರ ಅವರವರದೇ. ಕೊಳೆ ತೆಗೆಯುವುದು, ಹದ ನೋಡುವುದು, ಬಿಳುಪು ಬರಿಸುವುದು ಅವರವರ ಕೈಗುಣ. ಗಿಳಿಯನ್ನು ಕೆತ್ತಲು ಬಾರದವಳ ಮನೆಯ ತಟ್ಟೆಯಲ್ಲೂ ಗಿಳಿ ಕೂರುತ್ತದೆ. ಅಚ್ಚಿನ ಒಡತಿ ಅದಕ್ಕೆ ಬಾಡಿಗೆ ಕೇಳುವುದಿಲ್ಲ. ತೊಳೆದು, ಒಣಗಿಸಿ, ಮುರಿಯದೆ ವಾಪಸು ಕೊಟ್ಟರೆ ಅವಳಿಗೆ ಸಮಾಧಾನ.

ಈ ಅಚ್ಚೂ ಹಾಗೆಯೇ ಮನೆಯಿಂದ ಮನೆಗೆ ಹೋಯಿತು. 2014ರಲ್ಲಿ ಬಂದ 'ಎಂಕೆಡಾಕ್ಸ್' ಎಂಬ ಬೇರೊಂದು ಸಲಕರಣೆಯೂ ಇದೇ ರೂಪವನ್ನು ತನ್ನೊಳಗೆ ಸೇರಿಸಿಕೊಂಡಿತು. 2016ರಲ್ಲಿ ಲಿನಕ್ಸ್‌ನ ತಿರುಳಿನ ಕೈಪಿಡಿಗಳು ಸ್ಫಿಂಕ್ಸ್‌ಗೆ ಬಂದಾಗ ಅವಕ್ಕೂ ಇದೇ ಅಂಗಿ ತೊಡಿಸಿದರು. ನಮ್ಮ ಆಂಡ್ರಾಯ್ಡ್ ಫೋನುಗಳ ಅಡಿಯಲ್ಲಿರುವುದೂ ಅದೇ ಲಿನಕ್ಸ್ ತಿರುಳು. ಅಷ್ಟು ದೊಡ್ಡ ಕೆಲಸದ ಕೈಪಿಡಿಯೂ, ಯಾರೋ ವಿದ್ಯಾರ್ಥಿ ರಜೆಯಲ್ಲಿ ಬರೆದ ಪುಟ್ಟ ತಂತ್ರಾಂಶದ ಕೈಪಿಡಿಯೂ ಪಂಕ್ತಿಯಲ್ಲಿ ಒಂದೇ ಎಲೆಯ ಮುಂದೆ ಕೂತಂತೆ ಕಾಣುತ್ತಿದ್ದವು.

ಎಲ್ಲವೂ ಒಂದೇ ತೆರನಾಗಿ ಕಾಣುತ್ತದೆ, ಬೇಸರ ಎಂದು ಮೂಗು ಮುರಿದವರಿದ್ದಾರೆ. ಸೀರೆಯ ವಿಷಯದಲ್ಲಾದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೆ ಕೈಪಿಡಿಯನ್ನು ಯಾರೂ ಚಂದ ನೋಡಲು ತೆರೆಯುವುದಿಲ್ಲ. ಏನೋ ಕೆಟ್ಟಿದೆ, ಏನೋ ತಿಳಿಯುತ್ತಿಲ್ಲ, ಹೊತ್ತು ಮೀರುತ್ತಿದೆ ಎನ್ನುವಾಗ ತೆರೆಯುತ್ತೇವೆ. ಆಗ ಹುಡುಕುವ ಪೆಟ್ಟಿಗೆ ಎಲ್ಲಿದೆ ಎಂಬುದನ್ನೇ ಹುಡುಕುವಂತಾದರೆ? ಯಾವ ಊರಿನ ಬಸ್ಸು ಹತ್ತಿದರೂ ಮೇಲಿನ ಕಂಬಿ ಇರುವ ಜಾಗದಲ್ಲೇ ಇರುತ್ತದೆಂದು ಕೈ ತಾನಾಗಿ ಹೋಗುತ್ತದಲ್ಲ, ಹಾಗಿರಬೇಕು. ಹೊಸ ತಂತ್ರಾಂಶವೊಂದನ್ನು ಅಂಜುತ್ತ ತೆರೆದಾಗ ಆ ಕಪ್ಪು ಪಟ್ಟಿ ಕಂಡರೆ ನನಗೆ ಎಷ್ಟೋ ಸಲ ಧೈರ್ಯ ಬಂದದ್ದುಂಟು. ವಿಷಯ ಹೊಸದು, ಆದರೆ ಮನೆ ಪರಿಚಯದ್ದು. ಬಚ್ಚಲೆಲ್ಲಿ, ದೇವರಮನೆ ಎಲ್ಲಿ ಎಂದು ಕೇಳಬೇಕಾಗಿಲ್ಲ.

ಹಾಗೆಂದು ಅಚ್ಚು ಒಮ್ಮೆ ಮಾಡಿಟ್ಟರೆ ಮುಗಿಯಿತೆಂದಲ್ಲ. ಮರದ ಅಚ್ಚಿಗೆ ಬಿರುಕು ಬಿಡುವ ಹಾಗೆ ಇದಕ್ಕೂ ಬಿಡುತ್ತದೆ. ಸ್ಫಿಂಕ್ಸ್ ತನ್ನ ಜೊತೆಯಲ್ಲಿ ಮೊದಲಿನಿಂದ ಹೊತ್ತುಕೊಂಡು ಬಂದಿದ್ದ 'ಜೆಕ್ವೆರಿ' ಎಂಬ ಹಳೆಯ ಸಲಕರಣೆಯನ್ನು 2022ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಈ ಥೀಮಿನ ಮಡಚುವ ಬಿಚ್ಚುವ ಕೆಲಸಗಳು ಅದನ್ನು ನಂಬಿಕೊಂಡಿದ್ದವು. ನೆಲಮಾಳಿಗೆಯ ಕಂಬ ತೆಗೆದರೆ ಮೇಲಿನ ಮನೆಯವರು ಸುಮ್ಮನಿರಲಾದೀತೇ? ಥೀಮನ್ನು ನೋಡಿಕೊಳ್ಳುವವರು 2023ರಲ್ಲಿ ಆ ಕಂಬವನ್ನು ಬೇರೆ ಕಡೆಯಿಂದ ತರಿಸಿ ನಿಲ್ಲಿಸಬೇಕಾಯಿತು. ಓದುವವರಿಗೆ ಇದಾವುದೂ ತಿಳಿಯಲಿಲ್ಲ. ಪುಟ ನಿನ್ನೆಯಂತೆಯೇ ಕಂಡಿತು. ನಿನ್ನೆಯಂತೆಯೇ ಕಾಣುವಂತೆ ಮಾಡುವುದೇ ಅವರ ಕೆಲಸವಾಗಿತ್ತು. ಮನೆಗೆಲಸ ಮಾಡುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡಿಸಿದ್ದು ಯಾರಿಗೂ ಕಾಣುವುದಿಲ್ಲ, ಗುಡಿಸದಿದ್ದರೆ ಎಲ್ಲರಿಗೂ ಕಾಣುತ್ತದೆ.

ಇಂಥ ಕೆಲಸಕ್ಕೆ ಹಣ ಹುಟ್ಟುವುದೂ ಕಷ್ಟ. ಮೊಜಿಲ್ಲಾ ಸಂಸ್ಥೆ 2015ರಲ್ಲಿ ಮುಕ್ತ ತಂತ್ರಾಂಶಗಳಿಗೆ ಧನಸಹಾಯ ಕೊಡಲು ಆರಂಭಿಸಿದಾಗ ಮೊದಲ ಕಂತಿನಲ್ಲೇ ರೀಡ್ ದಿ ಡಾಕ್ಸ್‌ಗೆ 48,000 ಡಾಲರ್ ದೊರೆಯಿತು. ಆಮೇಲೆ ಆ ತಾಣದವರು, ಓದುಗರ ಬೆನ್ನು ಹತ್ತಿ ಗುಟ್ಟಾಗಿ ವಿವರ ಕೂಡಿಹಾಕದ ಜಾಹೀರಾತುಗಳನ್ನು ಹಾಕಿ ಖರ್ಚು ತೂಗಿಸುವ ದಾರಿ ಹಿಡಿದರು. ಲೋಕದ ಕೈಪಿಡಿಗಳಿಗೆ ನೆರಳಾದ ಮನೆಯ ಆದಾಯ ಇಂಥದ್ದು.

ಬಳಸಿದವರೆಲ್ಲ ಅದಕ್ಕೇ ಅಂಟಿಕೊಂಡು ಕೂರಲಿಲ್ಲ ಎಂಬುದನ್ನೂ ಹೇಳಬೇಕು. 2016ರಲ್ಲಿ 'ಮಟೀರಿಯಲ್', 2017ರಲ್ಲಿ ಫೇಸ್‌ಬುಕ್ ಸಂಸ್ಥೆಯ 'ಡಾಕ್ಯುಸಾರಸ್', 2020ರಲ್ಲಿ 'ಫ್ಯೂರೊ' ಎಂದು ಬೇರೆ ಬೇರೆ ಅಚ್ಚುಗಳು ಬಂದವು. 2023ರ ಫೆಬ್ರವರಿಯಲ್ಲಿ ಹೊರಬಂದ ಆವೃತ್ತಿಯಿಂದ ಲಿನಕ್ಸ್ ತಿರುಳಿನವರೂ 'ಅಲಬಾಸ್ಟರ್' ಎಂಬ ಇನ್ನೂ ಸರಳವಾದ ಥೀಮನ್ನು ತಮ್ಮ ವಾಡಿಕೆಯ ರೂಪವನ್ನಾಗಿ ಮಾಡಿಕೊಂಡರು. ಇದರಿಂದ ಹಳೆಯ ಅಚ್ಚು ಸೋತಿತೆಂದು ನನಗೆ ಅನ್ನಿಸುವುದಿಲ್ಲ. ಅವರು ಬರೆದ ಸಾವಿರಾರು ಪುಟಗಳಲ್ಲಿ ಒಂದನ್ನೂ ಹೊಸದಾಗಿ ಬರೆಯಬೇಕಾಗಲಿಲ್ಲ. ಅಂಗಿ ಬದಲಾಯಿತು, ಮಗು ಅದೇ. 1994ರ ಆ ಆಲೋಚನೆ ಎಷ್ಟು ಗಟ್ಟಿಯಾದದ್ದೆಂದು ಇಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಅಚ್ಚಿನಿಂದ ಆಗದ ಕೆಲಸವೂ ಒಂದಿದೆ. ಪಾಕ ಮಾಡುವುದು. 2017ರಲ್ಲಿ ಗಿಟ್‌ಹಬ್ ಸಂಸ್ಥೆ ಮುಕ್ತ ತಂತ್ರಾಂಶದವರ ನಡುವೆ ಒಂದು ಸಮೀಕ್ಷೆ ನಡೆಸಿತು. 3,800ಕ್ಕೂ ಹೆಚ್ಚು ಯೋಜನೆಗಳಿಂದ ಆಯ್ದ 5,500 ಮಂದಿ ಉತ್ತರ ಕೊಟ್ಟರು. ಅವರಲ್ಲಿ 100ಕ್ಕೆ 93 ಮಂದಿ, ಕೈಪಿಡಿಗಳು ಅರೆಬರೆಯಾಗಿರುವುದು ಅಥವಾ ಹಳತಾಗಿರುವುದು ತಾವು ಕಂಡ ತೊಂದರೆ ಎಂದರು. ಆದರೆ ಕೈಪಿಡಿಯ ಕೆಲಸಕ್ಕೆ ಕೈಹಾಕುವುದು ಅಪರೂಪ, ಇಲ್ಲವೇ ಇಲ್ಲ ಎಂದವರು 100ಕ್ಕೆ 60. ಅಂದರೆ ಅಚ್ಚು ಸಿದ್ಧವಿದೆ, ಒಲೆಯ ಮುಂದೆ ಕೂರುವವರಿಲ್ಲ.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನನ್ನನ್ನು ಬಹಳ ಹೊತ್ತು ಕಾಡಿತು. ಉತ್ತರ ಕೊಟ್ಟವರಲ್ಲಿ ಹೆಂಗಸರು 100ಕ್ಕೆ ಬರೀ 3. ಮೊದಲ ಕೈಪಿಡಿಗಳನ್ನು ಬರೆದ ಅಡೆಲ್ ಮತ್ತು ಗ್ರೇಸ್‌ರ ಕಾಲದಿಂದ 71 ವರ್ಷ ಕಳೆದ ಮೇಲೆ ಈ ಲೆಕ್ಕ. ಜೊತೆಗೆ, ಹೊಸಬರು ಹೇಗೆ ಕೆಲಸಕ್ಕೆ ಸೇರಬೇಕು, ಇಲ್ಲಿನ ನಡಾವಳಿ ಏನು ಎಂಬುದನ್ನು ತಿಳಿಯಾಗಿ ಬರೆದಿಟ್ಟ ಪುಟಗಳಿಗೆ ಗಂಡಸರಿಗಿಂತ ಹೆಂಗಸರು ಹೆಚ್ಚು ಬೆಲೆ ಕೊಡುತ್ತಾರೆ ಎಂದೂ ಆ ಸಮೀಕ್ಷೆ ಹೇಳಿತು. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನೂರು ಜನರ ಸಭೆಯಲ್ಲಿ ತೊಂಬತ್ತೇಳು ಮಂದಿ ಒಬ್ಬರಿಗೊಬ್ಬರು ಹೆಗಲ ಮೇಲೆ ಕೈಹಾಕಿ ಕೇಳಿ ತಿಳಿಯಬಲ್ಲರು. ಉಳಿದ ಮೂವರು ಬಾಗಿಲ ಬಳಿ ನಿಂತು, ಗೋಡೆಯ ಮೇಲೆ ಏನಾದರೂ ಬರೆದಿದೆಯೇ ಎಂದು ನೋಡುತ್ತಾರೆ. ಬರೆದಿದ್ದರೆ ಒಳಗೆ ಬರುತ್ತಾರೆ. ಇಲ್ಲದಿದ್ದರೆ ಹಾಗೆಯೇ ಹಿಂದಿರುಗುತ್ತಾರೆ, ಹಿಂದಿರುಗಿದ್ದು ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಆದ್ದರಿಂದಲೇ ಈ ಥೀಮಿನ ಕಥೆಯನ್ನು ಬಣ್ಣ, ಅಲಂಕಾರದ ಕಥೆಯೆಂದು ನಾನು ತಿಳಿಯುವುದಿಲ್ಲ. ಬರೆಯದಿರಲು ಇದ್ದ ನೆಪಗಳನ್ನು ಒಂದೊಂದಾಗಿ ತೆಗೆದುಹಾಕಿದವರ ಕಥೆ ಅದು. ಅಚ್ಚಿಗೆ ಭಾಷೆಯ ಭೇದವೂ ಇಲ್ಲ. ಅದರೊಳಗೆ ಕನ್ನಡದ ಪಾಕ ಹೊಯ್ದರೆ ಕನ್ನಡದ ಕೈಪಿಡಿಯೇ ಆಗುತ್ತದೆ. ಅದರ ಜೊತೆಗೆ ಬರುವ ಅಕ್ಷರಗಳು ರೋಮನ್ ಲಿಪಿಯವಾದರೂ, ಓದುವವರ ಯಂತ್ರದಲ್ಲಿರುವ ಕನ್ನಡ ಅಕ್ಷರಗಳನ್ನು ಪುಟ ತಾನೇ ಹುಡುಕಿ ಹಾಕಿಕೊಳ್ಳುತ್ತದೆ. ನಮ್ಮ ಒತ್ತಕ್ಷರಗಳಿಗೆ ಸಾಲುಗಳ ನಡುವೆ ಜಾಗ ಸಾಲದೆ ಹೋದರೆ, ಅಂಗಿಯ ಹೊಲಿಗೆ ಬಿಚ್ಚಿ ಸಡಿಲ ಮಾಡಿದಂತೆ ಅದನ್ನೂ ಸಡಿಲಿಸಬಹುದು. ಅಚ್ಚು ಮುಕ್ತವಾಗಿರುವುದರ ಪ್ರಯೋಜನ ಅದೇ.

ಕೈಪಿಡಿ ಬರೆಯಲು ದೊಡ್ಡ ಪಂಡಿತರೇ ಬೇಕೆಂದೇನೂ ಇಲ್ಲ. ಈಚೆಗಷ್ಟೇ ಕಷ್ಟಪಟ್ಟು ಕಲಿತವರಿಗೆ ಎಲ್ಲೆಲ್ಲಿ ಕಾಲು ಜಾರುತ್ತದೆಂಬ ನೆನಪು ಹಸಿಯಾಗಿರುತ್ತದೆ. ಬಹಳ ವರ್ಷ ಬಲ್ಲವರಿಗೆ ಅದು ಮರೆತುಹೋಗಿರುತ್ತದೆ. ನಮ್ಮ ಊರುಗಳಲ್ಲಿ ಕಂಪ್ಯೂಟರ್ ಕಲಿತು, ಮದುವೆಯಾಗಿ, ಮಕ್ಕಳಾಗಿ, ಆ ವಿದ್ಯೆಯನ್ನು ಪೆಟ್ಟಿಗೆಯಲ್ಲಿ ಮಡಚಿಟ್ಟ ಹೆಣ್ಣುಮಕ್ಕಳು ಎಷ್ಟೋ ಜನರಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟು: ತಾವು ಬಳಸುವ ಯಾವುದಾದರೂ ಒಂದು ಮುಕ್ತ ತಂತ್ರಾಂಶದ ಕೈಪಿಡಿಯನ್ನು ತೆಗೆದು ನೋಡಿ. ತಮಗೆ ತಿಳಿಯದೆ ಹೋದ ಒಂದು ವಾಕ್ಯವನ್ನು ತಿಳಿಯುವಂತೆ ತಿದ್ದಿ ಕಳಿಸಿ. ಆ ವಾಕ್ಯ ಅಂದಿನಿಂದ, ತಮ್ಮ ಹಾಗೆಯೇ ಯಾರನ್ನೂ ಕೇಳಲಾಗದೆ ಕೂತ ಇನ್ನೊಬ್ಬಳಿಗೆ ದಾರಿ ಹೇಳುತ್ತಿರುತ್ತದೆ.